ಬೊಂಡಾಸ್ (ಸ್ಕ್ವಿಡ್) ಕಣ್ಣಿಗೆ ಐದು ಸ್ಟಾರ್, ಗೋಡೆಯ ಪೋಸ್ಟರ್‌ಗೆ ಒಂದೇ: ಮಲ್ಪೆಯ ಜೀವವಿಕಾಸ ಟೂರ್ ಹೇಗಿದೆ?

ಉಡುಪಿಯ ಸಣ್ಣ ತಂಡವೊಂದು ಭಾನುವಾರಗಳಂದು ನಡೆಸುವ ಜೀವವಿಕಾಸ ಟೂರ್ ಬಗ್ಗೆ ಸುಮಾರು ಜನ ಕೇಳುತ್ತಿದ್ದೀರಿ. ಹೋಗಬಹುದಾ, ಮಕ್ಕಳಿಗೆ ಅರ್ಥ ಆಗುತ್ತಾ, ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋದರೆ ದೇವರಿಲ್ಲ ಗೀವರಿಲ್ಲ ಅಂತ ಭಾಷಣ ಬಿಗಿದು ಅವರ ಮನಸ್ಸು ನೋಯಿಸುತ್ತಾರಾ ಅಂತ. ಹೋಗಿ. ಭಾಷಣ ಇಲ್ಲ. ನನ್ನ ದೂರು ಅದಕ್ಕೆ ಉಲ್ಟಾ. ದೇವರ ಪ್ರಶ್ನೆ ಬಂದಾಗಲೆಲ್ಲ ಇವರು ಜಾರಿಕೊಳ್ಳುತ್ತಾರೆ. ತಂಡದ ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ, ಮತ್ತೆ ಹುಡುಗರು ಪಾಪ ಒಳ್ಳೆಯವರು. ತಲೆಗೆ 1200 ರೂಪಾಯಿ. ದೋಣಿ, ತಿಂಡಿ, ಊಟ, ಸಂಜೆಯ ಚಹಾ ಎಲ್ಲ ಅದರಲ್ಲೇ.

ಸೇರುವ ಜಾಗ ಮಲ್ಪೆಯ ವಡಭಾಂಡೇಶ್ವರ, ಬಲರಾಮನ ದೇವಸ್ಥಾನದ ಹತ್ತಿರ. ತಿಂಡಿಗೆ ಬನ್ಸ್ ಮತ್ತು ಚಟ್ನಿ. ಬನ್ಸ್ ಬಿಸಿ ಇತ್ತು, ಆ ಬಗ್ಗೆ ತಕರಾರಿಲ್ಲ. ದೋಣಿ ಮಾತ್ರ ತಡ. ಎಂಟಕ್ಕೆ ಅಂದಿದ್ದರು, ಹೊರಟಾಗ ಒಂಬತ್ತು ದಾಟಿತ್ತು. ಬಿಸಿಲು ಏರುವ ಮೊದಲು ದ್ವೀಪ ಮುಟ್ಟುವುದೇ ಈ ಟೂರಿನ ಜೀವ, ಅದನ್ನು ಕಳೆದುಕೊಂಡರೆ ಕಲ್ಲಿನ ಮೇಲೆ ನಿಂತು ಯಾರು ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ ಮಾರಾಯ್ರೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ನಮಗೆಲ್ಲ ಗೊತ್ತಿರುವ ಜಾಗ. ಹೋಗ್ತೇವೆ, ಫೋಟೋ ತೆಗೀತೇವೆ, ಬರ್ತೇವೆ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಶಿಲುಬೆ ನೆಟ್ಟ ಅನ್ನುವ ಕತೆಯೂ ಗೊತ್ತು. ಆದರೆ ಅಲ್ಲಿನ ಕಲ್ಲಿನ ಕಂಬಗಳನ್ನು ಒಬ್ಬರು ಮುಟ್ಟಿಸಿ ತೋರಿಸಿದರೆ ಬೇರೆಯೇ. ಗೈಡ್ ಮೇಡಂ ಪ್ರಾಣಿಶಾಸ್ತ್ರ ಎಂಎಸ್ಸಿ ಮಾಡಿದವರಂತೆ. ಮೊದಲು ಎಲ್ಲರ ಹತ್ತಿರ ಕಂಬದ ಮೂಲೆ ಎಣಿಸಲು ಹೇಳಿದರು. ಆರು, ಐದು, ಮತ್ತೆ ಆರು, ಒಂದು ಕಡೆ ಏಳು. ಕಾದ ಲಾವಾ ತಣ್ಣಗಾಗುತ್ತಾ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು, ನೀರು ಬತ್ತಿದ ಗದ್ದೆಯ ಕೆಸರು ಬಿರಿಯುವ ಹಾಗೆ. ಬಿರುಕು ಮೇಲಿನಿಂದ ಒಳಗೆ ಇಳಿದಂತೆ ಕಂಬ ಆಯಿತು. ಯಾರೂ ಕೆತ್ತಿದ್ದಲ್ಲ.

ವಯಸ್ಸು ಸುಮಾರು 8.8 ಕೋಟಿ ವರ್ಷ. ಇಲ್ಲಿ ಮೇಡಂ ಮೇಲೆ ನನಗೆ ಗೌರವ ಬಂತು, ಯಾಕೆಂದರೆ ನಂಬರ್ ಹೇಳಿ ಮುಂದೆ ಹೋಗಲಿಲ್ಲ, ಅದು ಹೇಗೆ ಸಿಕ್ಕಿತು ಅಂತ ಕೂತು ವಿವರಿಸಿದರು. ಕಲ್ಲಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಒಂದು ಬಗೆಯ ಪೊಟ್ಯಾಸಿಯಂ ನಿಧಾನಕ್ಕೆ ಖಾಲಿಯಾಗುತ್ತಾ ಹೋಗುತ್ತದೆ, ಅದರ ಒಂದು ಪಾಲು ಆರ್ಗಾನ್ ಅನಿಲ ಆಗುತ್ತದೆ. ಅರ್ಧ ಖಾಲಿಯಾಗಲು 125 ಕೋಟಿ ವರ್ಷ ಬೇಕು. ಲಾವಾ ಕುದಿಯುತ್ತಿರುವಾಗ ಆರ್ಗಾನ್ ಹಾರಿಹೋಗುತ್ತದೆ, ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟು ಸಿಕ್ಕಿಹಾಕಿಕೊಂಡಿದೆ, ಪೊಟ್ಯಾಸಿಯಂ ಎಷ್ಟು ಉಳಿದಿದೆ ಅಂತ ಅಳೆದರೆ ಕಲ್ಲು ತಣ್ಣಗಾದ ಕಾಲ ಗೊತ್ತಾಗುತ್ತದೆ. ಇಷ್ಟೇ. ನನ್ನ ಪಕ್ಕದಲ್ಲಿದ್ದ ಎಂಟನೇ ಕ್ಲಾಸಿನ ಹುಡುಗಿಗೆ ಒಂದೇ ಸಲಕ್ಕೆ ಅರ್ಥ ಆಯಿತು.

ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು, ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಇದು. ಡೈನೋಸಾರ್‌ಗಳು ಮುಗಿದದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ ಈ ಕಲ್ಲು ತಣ್ಣಗಾಗುವಾಗ ಅವು ಇನ್ನೂ ಓಡಾಡುತ್ತಿದ್ದವು.

ಒಂದು ತಕರಾರು. ಟೂರಿನ ಹೆಸರಲ್ಲಿ ಜೀವವಿಕಾಸ ಇದೆ, ಆದರೆ ಲಾವಾದಲ್ಲಿ ಪಳೆಯುಳಿಕೆ ಎಲ್ಲಿಂದ ಬರಬೇಕು? ಪಳೆಯುಳಿಕೆ ನೋಡಲು ಅಂತ ಬ್ರಷ್ಷು, ಭೂತಗನ್ನಡಿ ಎಲ್ಲ ತಂದ ಒಂದು ಮಗು ಅರ್ಧ ಗಂಟೆ ಕಲ್ಲು ಉಜ್ಜಿ ಅಳು ಮೋರೆ ಮಾಡಿಕೊಂಡಿತು. ಬುಕಿಂಗ್ ಮಾಡುವಾಗಲೇ ಹೇಳಬೇಕಿತ್ತು. ಇನ್ನೊಂದು, ಖಂಡ ಒಡೆದದ್ದಕ್ಕೂ ಪ್ರಾಣಿಗಳಿಗೂ ಏನು ಸಂಬಂಧ ಅಂತ ಅಲ್ಲೇ ಹೇಳಿದ್ದರೆ ಚೆಂದ ಇತ್ತು. ಪಶ್ಚಿಮ ಘಟ್ಟದ ಕೇರಳದ ಭಾಗದಲ್ಲಿ ಒಂದು ನೇರಳೆ ಕಪ್ಪೆ ಇದೆ, 2003ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ವರ್ಷದ ಹೆಚ್ಚಿನ ದಿನ ಮಣ್ಣಿನೊಳಗೇ ಇರುತ್ತದೆ, ಮಳೆ ಶುರುವಾಗುವಾಗ ಮರಿ ಮಾಡಲು ಮೇಲೆ ಬರುತ್ತದೆ. ಅದರದ್ದೇ ಕುಲ ಬಿಟ್ಟರೆ ಹತ್ತಿರದ ನೆಂಟರು ಇರುವುದು ಭಾರತದಲ್ಲಿ ಎಲ್ಲೂ ಅಲ್ಲ, ಸಮುದ್ರದ ಆಚೆ ಸೇಶೆಲ್ಸ್ ದ್ವೀಪಗಳಲ್ಲಿ! ಕಪ್ಪೆಗೆ ಸಾಮಾನ್ಯವಾಗಿ ಉಪ್ಪುನೀರು ಆಗುವುದಿಲ್ಲ, ಈಜಿಕೊಂಡು ಹೋಗುವ ಮಾತೇ ಇಲ್ಲ. ನೆಲವೇ ಒಡೆದು ದೂರ ಹೋಯಿತು ಅಂದರೆ ಮಾತ್ರ ಲೆಕ್ಕ ಕೂಡುತ್ತದೆ. ಆ ಕಲ್ಲಿನ ಮೇಲೆ ನಿಂತು ಹೇಳಬೇಕಾದ ಕತೆ ಇದಕ್ಕಿಂತ ಬೇರೆ ಯಾವುದು?

ಅಲ್ಲಿಯೇ ಮೊದಲ ಜಾರಾಟ. ನಮ್ಮ ಜೊತೆ ಎಪ್ಪತ್ತು ದಾಟಿದ ರಾಯರೊಬ್ಬರು ಇದ್ದರು, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಬಹಳ ಪ್ರೀತಿಯಿಂದಲೇ ಕೇಳಿದರು. "ಹಾಗಾದ್ರೆ ನಮ್ಮ ಪರಶುರಾಮ ಸೃಷ್ಟಿ ಎಂಥದು ಮಗಾ? ಕೊಡಲಿ ಎಸೆದದ್ದು, ಸಮುದ್ರ ಹಿಂದೆ ಹೋದದ್ದು, ಅದೆಲ್ಲ ಸುಳ್ಳಾ?" ಮೇಡಂ ನಕ್ಕು, "ಅದು ನಂಬಿಕೆ ಸರ್, ಇದು ವಿಜ್ಞಾನ" ಅಂದು ಎಲ್ಲರನ್ನೂ ಮುಂದಿನ ಬಂಡೆಯ ಕಡೆ ಕರೆದುಕೊಂಡು ಹೋದರು. ರಾಯರು ಸುಮ್ಮನಾದರು. ಆದರೆ ಒಪ್ಪಿ ಸುಮ್ಮನಾದದ್ದಲ್ಲ, ಅವರ ಮುಖ ನೋಡಿದವರಿಗೆ ಗೊತ್ತು.

ಉತ್ತರ ಇತ್ತು, ಕಷ್ಟದ್ದೂ ಅಲ್ಲ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗದಲ್ಲಿ, ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಮಲ್ಪೆಯ ಕಡಲತೀರ ಎಷ್ಟೋ ಪಶ್ಚಿಮಕ್ಕೆ ಇತ್ತು, ಈ ದ್ವೀಪಕ್ಕೆ ನಡೆದುಕೊಂಡೇ ಬರಬಹುದಿತ್ತು. ಆಮೇಲೆ ಹಿಮ ಕರಗಿ ನೀರು ಏರಿತು. ಒಟ್ಟು ನೋಡಿದರೆ ಕಡಲು ನಮ್ಮ ಕಡೆಗೇ ಬಂದಿದೆ, ಕತೆ ಹೇಳುವುದು ಹಿಂದೆ ಹೋಯಿತು ಅಂತ. ಹಾಗಾಗಿ ಅದು ಭೂಗರ್ಭದ ವರದಿ ಅಲ್ಲ. ಅಂದ ಮಾತ್ರಕ್ಕೆ ಆ ಕತೆ ಸತ್ತೇಹೋಗಬೇಕಾ? ಗೋಕರ್ಣದಿಂದ ಕನ್ಯಾಕುಮಾರಿವರೆಗೆ ಒಂದು ಇಡೀ ಕರಾವಳಿ ತನ್ನನ್ನು ಒಂದೇ ನೆಲ ಅಂದುಕೊಂಡದ್ದು ಆ ಕತೆಯಿಂದ. ಕಲ್ಲಿನ ವಯಸ್ಸು ಅದರಿಂದ ಕೇಳುವುದೇ ತಪ್ಪು, ಆದರೆ ಕೇಳಿದ ಹಿರಿಯರಿಗೆ ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. "ಅದು ನಂಬಿಕೆ" ಅಂತ ಒಂದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರೆ ರಾಯರು ಮನೆಗೆ ಹೋಗಿ ಮೊಮ್ಮಗನಿಗೆ ಏನು ಹೇಳುತ್ತಾರೆ ಅಂತ ಯೋಚಿಸಬೇಕು ಅಲ್ವಾ.

ಈಗ ಬೊಂಡಾಸ್‌ಗೆ ಬರ್ತೇನೆ. ಕೊಟ್ಟ ದುಡ್ಡು ಇಲ್ಲೇ ವಸೂಲಿ.

ವಾಪಸ್ ಮಲ್ಪೆಗೆ ಬಂದು ಗಾಳಿಮರದ ನೆರಳಲ್ಲಿ ಎರಡು ಮೇಜು ಹಾಕಿದ್ದರು. ಬಂದರಿನಿಂದ ಆಗಷ್ಟೇ ತಂದ ಬೊಂಡಾಸ್ ಮತ್ತು ಬಂಗುಡೆ, ಕತ್ತರಿ, ಕೈಗೆ ಗ್ಲೌಸ್. ಸಸ್ಯಾಹಾರಿಗಳು ಬೇಕಾದರೆ ದೂರ ಕೂರಬಹುದು ಅಂತ ಹೇಳಿದ್ದರು. ಒಂದು ಕುಟುಂಬ ಮೂಗಿಗೆ ಕರ್ಚೀಫ್ ಹಿಡಿದು ದೂರ ಕೂತಿತು, ಹತ್ತು ನಿಮಿಷದಲ್ಲಿ ಅವರ ಮಗಳು ಮೇಜಿನ ಹತ್ತಿರ, ಇನ್ನೈದು ನಿಮಿಷದಲ್ಲಿ ಅಪ್ಪನೂ ಹತ್ತಿರ.

ಮೊದಲು ಕಡ್ಡಿ. ಬೊಂಡಾಸ್ ಕ್ಲೀನ್ ಮಾಡಿದ ಎಲ್ಲರಿಗೂ ಗೊತ್ತು, ಬೆನ್ನಿನ ಒಳಗಿಂದ ಉದ್ದಕ್ಕೆ, ಪಾರದರ್ಶಕವಾಗಿ, ಪ್ಲಾಸ್ಟಿಕ್ ತರಹದ್ದು ಒಂದು ಎಳೆದು ಬಿಸಾಡುತ್ತೇವೆ. ಅದು ಚಿಪ್ಪು! ಬೊಂಡಾಸ್ ಚಿಪ್ಪಿನೊಳಗೆ ಬದುಕುವ ಮರುವಾಯಿಯ ದೂರದ ನೆಂಟ. ಅದರ ಪೂರ್ವಜರಿಗೆ ಹೊರಗಡೆ ಚಿಪ್ಪಿತ್ತು, ಕಾಲ ಹೋದಂತೆ ಅದು ಒಳಗೆ ಸೇರಿ, ತೆಳುವಾಗಿ, ಕೊನೆಗೆ ಉಳಿದದ್ದು ಈ ಕಡ್ಡಿ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಇದನ್ನು ಬೆಕ್ಕಿನ ಎದುರಿಗೆ ಎಸೆದಿದ್ದೇವೆ.

ಆಮೇಲೆ ಕಣ್ಣು. ಮೇಡಂ ಕತ್ತರಿಯಿಂದ ಬೊಂಡಾಸ್ ಕಣ್ಣು ಬಿಡಿಸಿ ಒಳಗಿನ ಮಸೂರ ತೆಗೆದು ಎಲ್ಲರ ಅಂಗೈಗೆ ಒಂದೊಂದು ಇಟ್ಟರು. ಗುಂಡಗಿನ ಗಟ್ಟಿ ಮಣಿ, ತೊಳೆದರೆ ಗಾಜಿನ ಹಾಗೆ ಹೊಳೆಯುತ್ತದೆ. ಪೇಪರಿನ ಅಕ್ಷರದ ಮೇಲೆ ಹಿಡಿದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ.

ಕಣ್ಣನ್ನೇ ಯಾಕೆ ಆರಿಸಿದರು ಅಂದರೆ, ವಿಕಾಸವಾದ ಒಪ್ಪದವರ ಹಳೇ ಅಸ್ತ್ರ ಅದು. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ವಾದ ಹೂಡಿದ್ದ. ದಾರಿಯಲ್ಲಿ ಗಡಿಯಾರ ಸಿಕ್ಕಿದರೆ ಅದನ್ನು ಮಾಡಿದವನು ಇದ್ದಾನೆ ಅನ್ನುತ್ತೀರಿ, ಕಣ್ಣು ಅದಕ್ಕಿಂತ ನಾಜೂಕು, ಮಾಡಿದವನು ಇರಲೇಬೇಕಲ್ಲ ಅಂತ. ಡಾರ್ವಿನ್ ಕಾಲೇಜಿನಲ್ಲಿ ಓದುವಾಗ ಪೇಲಿಯನ್ನು ಮೆಚ್ಚಿಕೊಂಡವನೇ. 1859ರಲ್ಲಿ ತನ್ನ ಪುಸ್ತಕ ತಂದಾಗ ಕಣ್ಣಿನ ಪ್ರಶ್ನೆ ಬಿಟ್ಟು ಓಡಲಿಲ್ಲ, ಬರೀ ಬೆಳಕು ಗುರುತಿಸುವ ಒಂದು ಚುಕ್ಕೆಯಿಂದ ಹಿಡಿದು ಹಂತಹಂತವಾಗಿ ಹೇಗೆ ಬರಬಹುದು ಅಂತ ಬರೆದ.

ಮೇಜಿನ ಮೇಲೆ ಈಗ ಎರಡು ಕಣ್ಣು, ಬಂಗುಡೆಯದ್ದು ಮತ್ತು ಬೊಂಡಾಸ್‌ನದ್ದು. ಒಂದೇ ಸಮುದ್ರ, ಒಂದೇ ನೀರು, ಕೆಲವೊಮ್ಮೆ ಒಂದೇ ಬಲೆ. ಆದರೆ ಬಂಗುಡೆಯ ಕಣ್ಣಿನಲ್ಲಿ ನರಗಳ ಎಳೆಗಳು ಬೆಳಕು ಹಿಡಿಯುವ ಪದರದ, ಅಂದರೆ ಅಕ್ಷಿಪಟಲದ, ಮುಂದುಗಡೆ ಹರಿದು ಒಂದು ತೂತಿನಿಂದ ಹಿಂದೆ ಹೋಗುತ್ತವೆ. ಆ ತೂತಿನ ಜಾಗದಲ್ಲಿ ಏನೂ ಕಾಣುವುದಿಲ್ಲ. ನಮ್ಮ ಕಣ್ಣೂ ಹಾಗೆಯೇ. ಒಂದು ಕಾರ್ಡ್ ಕೊಟ್ಟರು, ಎಡಗಡೆ ಶಿಲುಬೆ ಗುರುತು, ಬಲಗಡೆ ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಶಿಲುಬೆಯನ್ನೇ ನೋಡುತ್ತಾ ಕಾರ್ಡನ್ನು ಹತ್ತಿರ ತಂದರೆ ಚುಕ್ಕೆ ಒಂದು ಕಡೆ ಮಾಯ. ಬೊಂಡಾಸ್‌ಗೆ ಈ ಕುರುಡು ಚುಕ್ಕೆ ಇಲ್ಲ, ಅದರ ನರಗಳು ಹಿಂದುಗಡೆಯಿಂದ ನೆಟ್ಟಗೆ ಹೋಗುತ್ತವೆ. ಕಡಲಿನ ಬದುಕಿಗೆ ಹೇಳಿ ಮಾಡಿಸಿದ ಕಣ್ಣು ಅಂತಾದರೆ ಬಂಗುಡೆಯದ್ದು ಬೊಂಡಾಸ್‌ನ ಹಾಗೆ ಇರಬೇಕಿತ್ತು. ಇಲ್ಲ, ಅದು ನೆಲದ ಮೇಲೆ ಓಡಾಡುವ ನಮ್ಮ ಹಾಗಿದೆ. ಯಾಕೆಂದರೆ ಬಂಗುಡೆ ನಮಗೆ ನೆಂಟ, ಬೊಂಡಾಸ್ ಬೇರೆ ಮನೆತನ. 50 ಕೋಟಿ ವರ್ಷಕ್ಕಿಂತಲೂ ಹಿಂದೆ ದಾರಿ ಬೇರೆಯಾಯಿತು, ಕಣ್ಣು ಎರಡೂ ಕಡೆ ಬೇರೆಬೇರೆಯಾಗಿ ಬೆಳೆಯಿತು.

ಗುಂಪಿನಲ್ಲಿದ್ದ ಕಣ್ಣಿನ ಡಾಕ್ಟರೊಬ್ಬರು ಬಿಡಲಿಲ್ಲ. ನಮ್ಮ ಕಣ್ಣನ್ನು ತಪ್ಪು ಡಿಸೈನ್ ಅನ್ನಬೇಡಿ, ಬೆಳಕು ಹಿಡಿಯುವ ಕೋಶಗಳಿಗೆ ತುಂಬಾ ರಕ್ತ ಬೇಕು, ಅವು ಹಿಂದುಗಡೆ ಇರುವುದರಿಂದಲೇ ಅದು ಸಿಗುತ್ತದೆ ಅಂದರು. ಮೇಡಂ ಒಪ್ಪಿಕೊಂಡರು. ಕೆಟ್ಟ ಕಣ್ಣು ಅಂತ ನಾನು ಹೇಳುತ್ತಿಲ್ಲ, ಯಾರ ಕಣ್ಣು ಯಾರದ್ದನ್ನು ಹೋಲುತ್ತದೆ ಅನ್ನುವುದು ನನ್ನ ಮಾತು ಅಂದರು. ಇದು ಇಡೀ ದಿನದ ಅತ್ಯುತ್ತಮ ಅರ್ಧ ಗಂಟೆ. ದ್ವೀಪದಲ್ಲಿ ರಾಯರಿಗೆ ಈ ಥರ ಉತ್ತರಿಸಿದ್ದರೆ!

ಊಟ ಹತ್ತಿರದ ಒಂದು ಮನೆಯಲ್ಲಿ. ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ, ಬೇಕಾದವರಿಗೆ ಬಂಗುಡೆ ಫ್ರೈ. ಸಸ್ಯಾಹಾರದ ಪಾತ್ರೆ ಬೇರೆಯೇ ಇಟ್ಟಿದ್ದರು, ಒಳ್ಳೆಯದು ಮಾಡಿದರು.

ಸಮಸ್ಯೆ ಊಟದ ಹಾಲ್‌ನ ಗೋಡೆಯಲ್ಲಿ. ದೊಡ್ಡ ಪೋಸ್ಟರ್. ಮೇಲಿನ ಸಾಲಲ್ಲಿ ಬಗ್ಗಿದ ಮಂಗನಿಂದ ನೆಟ್ಟಗೆ ನಿಂತ ಮನುಷ್ಯನವರೆಗೆ ಮೆರವಣಿಗೆ, ಕೆಳಗಿನ ಸಾಲಲ್ಲಿ ದಶಾವತಾರ, ಮತ್ಸ್ಯದಿಂದ ಶುರು. ಮಧ್ಯೆ ಬಾಣದ ಗುರುತುಗಳು. ಎಲ್ಲರಿಗೂ ಖುಷಿಯಾಗಲಿ ಅಂತ ಮಾಡಿದ್ದಂತೆ. ಖುಷಿಯೇನೋ ಆಯಿತು, ಜಾಸ್ತಿ ಸೆಲ್ಫಿ ಬಿದ್ದದ್ದು ಅಲ್ಲಿಯೇ.

ಇದು ಹೊಸ ಐಡಿಯಾ ಅಲ್ಲ. ಥಿಯಾಸಫಿ ಅನ್ನುವ ಅಧ್ಯಾತ್ಮ ಚಳವಳಿಯ ಬ್ಲಾವಟ್ಸ್ಕಿ ಮೇಡಂ 1877ರಷ್ಟು ಹಿಂದೆಯೇ ದಶಾವತಾರಕ್ಕೂ ವಿಕಾಸಕ್ಕೂ ಗಂಟು ಹಾಕಿದ್ದರು. ಆದರೆ ಗಂಟು ನಿಲ್ಲುವುದಿಲ್ಲ ಕಣ್ರೀ. ವಿಕಾಸ ಅಂದರೆ ಏಣಿ ಅಲ್ಲ, ಕವಲು. ಹಂದಿ ನಮ್ಮ ಮುತ್ತಜ್ಜ ಅಲ್ಲ, ಆಮೆ ಹಂದಿಯ ಮುತ್ತಜ್ಜ ಅಲ್ಲ. ಈಗಿನ ಮಂಗ ಕೂಡ ನಮ್ಮ ಅಜ್ಜ ಅಲ್ಲ, ದಾಯಾದಿ. ಇವತ್ತಿನ ಬಂಗುಡೆ ನಮ್ಮಷ್ಟೇ ವರ್ಷ ವಿಕಾಸ ಆದದ್ದು, ಅರ್ಧಕ್ಕೆ ನಿಂತದ್ದಲ್ಲ. ಇನ್ನು ಪಟ್ಟಿಯ ವಿಷಯ. ಬೆಳಿಗ್ಗೆ ಬನ್ಸ್ ತಿಂದದ್ದೇ ಬಲರಾಮನ ದೇವಸ್ಥಾನದ ಹತ್ತಿರ, ಕೆಲವು ಪಟ್ಟಿಗಳಲ್ಲಿ ಬಲರಾಮ ಅವತಾರ, ಕೆಲವದರಲ್ಲಿ ಆ ಲೆಕ್ಕಕ್ಕೆ ಬುದ್ಧ. ಪಟ್ಟಿ ಬದಲಾದರೆ ವಿಕಾಸವೂ ಬದಲಾಗುತ್ತದಾ? ನನಗೆ ಹೆಚ್ಚು ಸಿಟ್ಟು ಬಂದದ್ದು ಭಕ್ತರ ಪರವಾಗಿ. ಪ್ರಹ್ಲಾದ ಕರೆದಾಗ ಕಂಬ ಒಡೆದು ಬಂದ ನರಸಿಂಹನನ್ನು ತಂದು ಪ್ರಾಣಿಗೂ ಮನುಷ್ಯನಿಗೂ ನಡುವಿನ ಸ್ಟೆಪ್ ಮಾಡಿ ನಿಲ್ಲಿಸಿದರೆ ಅದು ಯಾವ ಮರ್ಯಾದೆ? ಪುರಾಣವೂ ಕೆಟ್ಟಿತು, ಪಾಠವೂ ಕೆಟ್ಟಿತು. ಕಲ್ಪದ, ಅಂದರೆ ಬ್ರಹ್ಮನ ಒಂದು ಹಗಲಿನ, ಲೆಕ್ಕವೂ ಇದೇ ಕತೆ. 432 ಕೋಟಿ ವರ್ಷ, ಭೂಮಿಯ ವಯಸ್ಸು 454 ಕೋಟಿ, ನೋಡಿ ಎಷ್ಟು ಹತ್ತಿರ ಅಂತ ಊಟದ ಸಾಲಲ್ಲಿ ಒಬ್ಬರು ಹೇಳಿದರು. ಹತ್ತಿರ ಹೌದು. ಒಂದು ಯುಗಗಳ ಗುಣಾಕಾರದಿಂದ ಬಂದದ್ದು, ಇನ್ನೊಂದು 1956ರಲ್ಲಿ ಉಲ್ಕೆಗಳ ಸೀಸ ಅಳೆದು ಬಂದದ್ದು.

ಅಷ್ಟರಲ್ಲಿ ಕಲ್ಯಾಣಪುರ ಕಡೆಯ ನಿವೃತ್ತ ಟೀಚರೊಬ್ಬರು, ಪ್ರತಿ ಭಾನುವಾರ ಚರ್ಚಿನ ಪೂಜೆ ತಪ್ಪಿಸದವರು, ಅವತ್ತು ಬೆಳಿಗ್ಗೆಯದ್ದನ್ನೂ ಮುಗಿಸಿಯೇ ಬಂದವರು, ತುಂಬಾ ಚೆನ್ನಾಗಿ ಮಾತಾಡಿದರು. ಎದುರು ಕೂತ ಹುಡುಗ, "ಕ್ರಿಶ್ಚಿಯನ್ನರು ಡಾರ್ವಿನ್ನನ್ನು ಒಪ್ಪುವುದಿಲ್ಲ ಅಲ್ವಾ ಆಂಟಿ?" ಅಂದಿದ್ದ. ಅವರು ನಕ್ಕರು. ಅಮೆರಿಕದ ಕೆಲವು ಪಂಗಡಗಳ ಜಗಳವನ್ನು ನಮ್ಮ ತಲೆಗೆ ಕಟ್ಟಬೇಡ ಮಗ, ನಾನು ಮೂವತ್ತು ವರ್ಷ ಸಿಸ್ಟರುಗಳ ಶಾಲೆಯಲ್ಲಿ ಇದನ್ನೇ ಪಾಠ ಮಾಡಿದ್ದೇನೆ ಅಂದರು. 1950ರಲ್ಲಿ ಪೋಪ್ 12ನೇ ಪಿಯೂಸ್ ದೇಹದ ವಿಕಾಸದ ಬಗ್ಗೆ ಅಧ್ಯಯನಕ್ಕೆ ಅಡ್ಡಿಯಿಲ್ಲ, ಆದರೆ ಆತ್ಮವನ್ನು ಸೃಷ್ಟಿಸುವವನು ದೇವರೇ ಅಂದಿದ್ದರು. 1996ರಲ್ಲಿ ಎರಡನೇ ಜಾನ್ ಪಾಲ್ ಇದು ಬರೀ ಊಹೆಗಿಂತ ಹೆಚ್ಚಿನದ್ದು ಅಂದರು. ಅನುವಂಶೀಯತೆಯ ಲೆಕ್ಕ ಕಂಡುಹಿಡಿದ ಮೆಂಡೆಲ್ ಸ್ವತಃ ಮಠದ ಸನ್ಯಾಸಿ.

ಜಗಳ ಜೋರಾದದ್ದು ಬೈಬಲನ್ನು ಅಕ್ಷರಶಃ ಓದುವವರ ಜೊತೆ. 17ನೇ ಶತಮಾನದಲ್ಲಿ ಆರ್ಚ್‌ಬಿಷಪ್ ಅಷರ್ ಬೈಬಲಿನ ವಂಶಾವಳಿ ಕೂಡಿಸಿ ಜಗತ್ತು ಹುಟ್ಟಿದ್ದು ಕ್ರಿ.ಪೂ. 4004ರಲ್ಲಿ ಅಂತ ಲೆಕ್ಕ ಕೊಟ್ಟ. ಅಷ್ಟು ಚಿಕ್ಕ ಜಗತ್ತಿನಲ್ಲಿ ನಮ್ಮ ಮಲ್ಪೆಯ ಕಲ್ಲಿಗೆ ಜಾಗವೇ ಇಲ್ಲ. 1925ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಸ್ಕೋಪ್ಸ್ ಅನ್ನುವ ಮೇಷ್ಟ್ರಿಗೆ ವಿಕಾಸ ಪಾಠ ಮಾಡಿದ್ದಕ್ಕೆ 100 ಡಾಲರ್ ದಂಡ ಬಿತ್ತು, ಆಮೇಲೆ ತಾಂತ್ರಿಕ ಕಾರಣಕ್ಕೆ ಅದು ರದ್ದಾಯಿತು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸರಕಾರಿ ಶಾಲೆಯಲ್ಲಿ ವಿಕಾಸ ಕಲಿಸಿದರೆ ಸೃಷ್ಟಿವಾದವನ್ನೂ ಕಲಿಸಲೇಬೇಕು ಅನ್ನುವ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂದಿತು. ಅದೇ ಸರಕು ಹೊಸ ಲೇಬಲ್ ಹಚ್ಚಿಕೊಂಡು ಇಂಟೆಲಿಜೆಂಟ್ ಡಿಸೈನ್, ಅಂದರೆ ಜೀವಿಗಳನ್ನು ಯಾರೋ ಬುದ್ಧಿವಂತ ವಿನ್ಯಾಸ ಮಾಡಿದ್ದಾನೆ ಅನ್ನುವ ವಾದ, ಅಂತ ಬಂತು, 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಕೇಸಿನಲ್ಲಿ ಅದೂ ಬಿದ್ದುಹೋಯಿತು. ತೀರ್ಪು ಕೊಟ್ಟ ಜಡ್ಜ್ ನಾಸ್ತಿಕರೇನೂ ಅಲ್ಲ, ಚರ್ಚಿಗೆ ಹೋಗುವವರೇ. ಟೀಚರಿಗೆ ಸಂಬಳ ಕೊಟ್ಟು ಈ ಟೂರಿಗೆ ಸೇರಿಸಿಕೊಳ್ಳಬೇಕು ಅಂತ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಬರೆದು ಬಂದಿದ್ದೇನೆ.

ನಮ್ಮಲ್ಲಿ ಜಗಳ ಕೋರ್ಟಿಗೆ ಹೋಗುವುದಿಲ್ಲ, ಪಾಠವೇ ಸದ್ದಿಲ್ಲದೆ ಹೋಗುತ್ತದೆ. ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸ್ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಅಂತ ಇದ್ದ ಅಧ್ಯಾಯ ಈಗ ಬರೀ ಅನುವಂಶೀಯತೆ. ಮಕ್ಕಳ ಹೊರೆ ಇಳಿಸಲು ಅಂದರು. 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ವಾಪಸ್ ಹಾಕಿ ಅಂತ ಪತ್ರ ಬರೆದರು. ಹನ್ನೆರಡರ ಜೀವಶಾಸ್ತ್ರದಲ್ಲಿ ಇದೆ, ಆದರೆ ಕಾಮರ್ಸ್, ಆರ್ಟ್ಸ್ ತೆಗೆದುಕೊಂಡ ಮಕ್ಕಳಿಗೆ ಹತ್ತರಲ್ಲೇ ಕೊನೆ. ಇಂಥ ಟೂರಿಗೆ ಗಿರಾಕಿ ಸಿಗುವುದರಲ್ಲಿ ಆಶ್ಚರ್ಯ ಇಲ್ಲ.

ಸಂಜೆ ಕೆಮ್ಮಣ್ಣು ಕಡೆಯ ಕಾಂಡ್ಲಾ ಕಾಡು. ಸಣ್ಣ ದೋಣಿ, ಸುವರ್ಣಾ ನದಿಯ ಹಿನ್ನೀರು, ತಣ್ಣನೆಯ ಗಾಳಿ. ಇಳಿತದ ಹೊತ್ತು, ಕೆಸರು ಬಿಟ್ಟುಕೊಂಡಿತ್ತು. ಅದರ ಮೇಲೆ ಮಡ್‌ಸ್ಕಿಪ್ಪರ್‌ಗಳು, ಅಂದರೆ ಕೆಸರಲ್ಲಿ ನಡೆಯುವ ಮೀನು. ಬೆರಳುದ್ದ, ತಲೆಯ ಮೇಲೆ ಉಬ್ಬಿದ ಎರಡು ಕಣ್ಣು, ಎದೆಯ ರೆಕ್ಕೆಗಳನ್ನು ಊರಿಕೊಂಡು ಮುಂದಕ್ಕೆ ನೂಕುತ್ತದೆ, ಗಾಬರಿಯಾದರೆ ಬಾಲ ಬಡಿದು ಜಿಗಿಯುತ್ತದೆ. ಕಿವಿರಿನ ಕೋಣೆಯಲ್ಲಿ ನೀರು ತುಂಬಿಕೊಂಡಿರುತ್ತದೆ, ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ. ಒಂದು ನಮ್ಮ ಕಡೆ ತಿರುಗಿ ಕಣ್ಣನ್ನು ಒಳಗೆಳೆದು ಮತ್ತೆ ಹೊರಹಾಕಿತು, ಮಕ್ಕಳು ಕಣ್ಣು ಹೊಡೆಯಿತು ಅಂತ ಕೂಗಿದರು.

ಇದು ನಮ್ಮ ಪೂರ್ವಜ ಅಲ್ಲ ಅಂತ ಮೇಡಂ ಮೊದಲೇ ಹೇಳಿದರು, ಶಭಾಷ್. ಮೀನು ನೆಲಕ್ಕೆ ಬರುವುದು ಸಾಧ್ಯವೇ ಇಲ್ಲ ಅನ್ನುವವರಿಗೆ ತೋರಿಸಲು ಅಷ್ಟೇ. ಆಗ ಉಳ್ಳಾಲದಿಂದ ಬಂದಿದ್ದ ಕಾಲೇಜು ಹುಡುಗ ದಿನದ ಒಳ್ಳೆಯ ಪ್ರಶ್ನೆ ಕೇಳಿದ. ಯಾರೂ ಕಣ್ಣಾರೆ ನೋಡಿಲ್ಲವಲ್ಲ ಮೇಡಂ, ಮತ್ತೆ ಹೇಗೆ ನಂಬುವುದು? 2018ರಲ್ಲಿ ಕೇಂದ್ರದ ಮಂತ್ರಿಯೊಬ್ಬರೂ ಹೆಚ್ಚುಕಡಿಮೆ ಹೀಗೇ ಅಂದಿದ್ದರು, ಮಂಗ ಮನುಷ್ಯ ಆದದ್ದನ್ನು ಯಾರೂ ನೋಡಿಲ್ಲ ಅಂತ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ವಿರೋಧಿಸಿದ್ದವು.

ಈ ಸಲ ಮೇಡಂ ಜಾರಿಕೊಳ್ಳಲಿಲ್ಲ. ಟಿಕ್ಟಾಲಿಕ್ ಅನ್ನುವ ಪಳೆಯುಳಿಕೆಯ ಕತೆ ಹೇಳಿದರು. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಗಳು ಬಂದ ಕಾಲ ಸುಮಾರು ಯಾವುದು ಅಂತ ಲೆಕ್ಕ ಹಾಕಿ, ಆ ವಯಸ್ಸಿನ, ಹಳೆಯ ಹೊಳೆಗಳ ಮಣ್ಣಿನಿಂದಾದ ಕಲ್ಲು ಎಲ್ಲಿದೆ ಅಂತ ಹುಡುಕಿ, ವಿಜ್ಞಾನಿಗಳು ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ವರ್ಷಗಟ್ಟಲೆ ಅಗೆದರು. 2004ರಲ್ಲಿ ಸಿಕ್ಕಿತು, ಸುಮಾರು 37.5 ಕೋಟಿ ವರ್ಷ ಹಳೆಯದು. ಮೀನಿನ ಹಾಗೆ ಹುರುಪೆ, ಕಿವಿರು. ಆದರೆ ಚಪ್ಪಟೆ ತಲೆ, ಆಚೀಚೆ ತಿರುಗುವ ಕುತ್ತಿಗೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಎಲುಬು. ನೋಡಿಲ್ಲ ನಿಜ, ಆದರೆ ಎಲ್ಲಿ ಸಿಗಬೇಕು ಅಂತ ಮೊದಲೇ ಹೇಳಿ ಅಲ್ಲೇ ತೆಗೆದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಇದೆಲ್ಲ ಶುರು ಮಾಡಿದ್ದು ಯಾರು?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಕಲ್ಲಿನ ಹತ್ತಿರವೂ ಇಲ್ಲ ಅಂದರು ಮೇಡಂ. ರಾಯರು ಹಿಂದಿನ ಸೀಟಿನಿಂದ ತಲೆಯಾಡಿಸಿದರು.

ಇನ್ನು ಚಿಲ್ಲರೆ ವಿಷಯ. ದ್ವೀಪದಲ್ಲಿ ನೆರಳು ಕಡಿಮೆ, ಟೊಪ್ಪಿ ಮತ್ತು ನೀರು ನೀವೇ ಒಯ್ಯಿರಿ. ಕಲ್ಲಿನ ಅಂಚು ಚೂಪು, ಹವಾಯಿ ಚಪ್ಪಲಿ ಬೇಡ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಮಧ್ಯಾಹ್ನದ ಮೇಲೆ ಸುಸ್ತಾಗುತ್ತದೆ. ಕೊಟ್ಟ ಕರಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿತ್ತು, ಉಡುಪಿಯಲ್ಲಿ ಕನ್ನಡದವರಿಗೆ ಟೂರ್ ಮಾಡಿ ಇದೆಂಥ ಕರ್ಮ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಂದ್, ಹಾಗಾಗಿ ಅದಕ್ಕೆ ಮೊದಲೇ ಹೋಗಿ, ಇಲ್ಲವಾದರೆ ದಸರಾ ಕಳೆದ ಮೇಲೆ. ಬುಕ್ ಮಾಡುವಾಗ ಆ ದಿನ ಸಂಜೆ ಇಳಿತ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಉಬ್ಬರ ಇದ್ದರೆ ಕೆಮ್ಮಣ್ಣಿನಲ್ಲಿ ಕೆಸರೂ ಕಾಣುವುದಿಲ್ಲ, ಮೀನೂ ಕಾಣುವುದಿಲ್ಲ, ದುಡ್ಡು ಮಾತ್ರ ವಾಪಸ್ ಕೊಡುವುದಿಲ್ಲ.